ಹೊಲದ ಬೇಲಿಗೆ ಹೊಲದ್ದೇ ಕಟ್ಟಿಗೆ: ಕಡಿಯುವ, ಕೊಯ್ಯುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ತೊಗರಿ ಹೂವಾಗುವ, ಶೇಂಗಾ ಕಾಯಿ ಕಟ್ಟುವ ಕಾಲಕ್ಕೆ ಜಿಲ್ಲೆಯ ಗ್ರಾಮ ಸಭೆಗಳಲ್ಲಿ ಬೇಲಿಯ ಮಾತು ಬಂದೇ ಬರುತ್ತದೆ. ಬಿಡಾಡಿ ದನ, ಆಡು-ಕುರಿಗಳ ಹಿಂಡು, ರಾತ್ರಿ ಇಳಿಯುವ ಕಾಡುಹಂದಿ, ಕೆಲವು ಸೀಮೆಯಲ್ಲಿ ಕೃಷ್ಣಮೃಗ, ಹೀಗೆ ಬೆಳೆಯನ್ನು ಕಾಯಬೇಕಾದ ಕಾರಣಗಳು ಊರಿಂದ ಊರಿಗೆ ಬೇರೆಯಾದರೂ ರೈತರ ಪ್ರಶ್ನೆ ಒಂದೇ. ತಂತಿಯನ್ನು ಅಂಗಡಿಯಿಂದ ಕೊಳ್ಳದೆ ಗತಿಯಿಲ್ಲ. ಆದರೆ ಕಂಬಗಳನ್ನೂ ಕೊಳ್ಳಬೇಕೆ? ತನ್ನ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ಬೀಳು ಬಿದ್ದ ತುಂಡು ಹೊಲದಲ್ಲಿ ಜಾಲಿಯೋ ನೀಲಗಿರಿಯೋ ನಿಂತಿರುವಾಗ ಅದನ್ನೇ ಕಡಿದು, ಕೊಯ್ದು ಕಂಬ ಮಾಡಿಕೊಳ್ಳಲು ಸಾಧ್ಯವಿಲ್ಲವೆ?

ಸಾಧ್ಯವಿದೆ. ಆದರೆ ಯಾವ ಮರ, ಯಾರ ನೆಲದ ಮರ, ಯಾವ ಯಂತ್ರ, ಎಂಥ ಮಣ್ಣು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ರೈತನು ಈ ಪ್ರಶ್ನೆಯನ್ನು ಮೊದಲು ಕೇಳುವುದು ಅರಣ್ಯ ಕಚೇರಿಯಲ್ಲಿ ಅಲ್ಲ, ತನ್ನ ವಾರ್ಡಿನ ಸದಸ್ಯರ ಬಳಿ. ‘ನಿನ್ನ ಹೊಲದ ಮರ, ನೀನು ಕಡಿದುಕೋ, ಯಾರು ಕೇಳುತ್ತಾರೆ’ ಎಂದು ಸದಸ್ಯರು ಸಲಿಗೆಯಿಂದ ಆಡಿದ ಮಾತಿಗೆ ಮರುದಿನ ರೈತನ ಟ್ರ್ಯಾಕ್ಟರು ಬೆಲೆ ತೆರಬೇಕಾಗಬಹುದು. ಆದ್ದರಿಂದ ಕಾನೂನು ಮತ್ತು ಕಟ್ಟಿಗೆ ಎರಡನ್ನೂ ಇಲ್ಲಿ ಒಟ್ಟಿಗೆ ವಿವರಿಸಲಾಗಿದೆ.

ಇದರ ಹಿಂದೆ ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಬೇಲಿ ದುಬಾರಿಯೆನಿಸಿದಾಗ ಕೆಲವರು ನಾಲ್ಕು ಗೂಟ ನೆಟ್ಟು, ಬರಿಯ ತಂತಿ ಎಳೆದು, ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಕರೆಂಟು ಹರಿಸುತ್ತಾರೆ. ಹಂದಿಗೆಂದು ಇಟ್ಟ ಆ ತಂತಿಗೆ ನಸುಕಿನಲ್ಲಿ ನೀರು ಬಿಡಲು ಬಂದ ಪಕ್ಕದ ಹೊಲದವನೋ, ಇಟ್ಟವನ ಮನೆಯವರೋ ಸಿಕ್ಕಿ ಸಾಯುವುದುಂಟು. ಹೀಗೆ ಕರೆಂಟು ಎಳೆಯುವುದು ವಿದ್ಯುತ್ ಅಧಿನಿಯಮ 2003ರ 135ನೇ ಕಲಮಿನಡಿ ಕಳವು. ಮನುಷ್ಯ ಸತ್ತರೆ ಅದು ಬೇರೆಯೇ ಮೊಕದ್ದಮೆ. ಕೃಷ್ಣಮೃಗ ಸತ್ತರೆ ವನ್ಯಜೀವಿ ಸಂರಕ್ಷಣಾ ಅಧಿನಿಯಮ 1972ರಡಿ ಇನ್ನೊಂದು. ಸೌರ ಬೇಲಿಯ ವಿಷಯ ಇದಲ್ಲ. ಅದಕ್ಕೆ ಮಾನದಂಡಕ್ಕೆ ಒಪ್ಪುವ ಸಾಧನವಿದೆ, ಅದು ಕ್ಷಣಮಾತ್ರದ ಮಿಡಿತವನ್ನಷ್ಟೇ ಕೊಡುತ್ತದೆ. ಲೈನಿನಿಂದ ಎಳೆದ ಕರೆಂಟು ಹಿಡಿದವರನ್ನು ಬಿಡುವುದಿಲ್ಲ. ಕಡಿಮೆ ಖರ್ಚಿನ ಗಟ್ಟಿ ಬೇಲಿ ಹೇಗೆ ಸಾಧ್ಯ ಎಂಬುದನ್ನು ರೈತರಿಗೆ ತೋರಿಸಿಕೊಡದೆ, ಕರೆಂಟು ಎಳೆಯಬೇಡಿ ಎಂದು ಡಂಗುರ ಹೊಡೆಸಿದರೆ ಪ್ರಯೋಜನ ಅಷ್ಟಕ್ಕಷ್ಟೇ.

ಯಾವ ಮರಕ್ಕೆ ಅನುಮತಿ ಬೇಕು

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ 8ನೇ ಕಲಮು ಹೇಳುವುದಿಷ್ಟು: ಮರ ಸ್ವಂತ ನೆಲದಲ್ಲಿದ್ದರೂ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಕಡಿಯುವಂತಿಲ್ಲ. ಇದಕ್ಕೆ ವಿನಾಯಿತಿ ಪಡೆದ ಜಾತಿಗಳ ಪಟ್ಟಿಯನ್ನು ಅದೇ ಕಲಮಿನಲ್ಲಿ ಕೊಡಲಾಗಿದೆ. ಮೂಲ ಪಟ್ಟಿಯಲ್ಲಿರುವ ನೀಲಗಿರಿ, ಸರ್ವೆ, ಸುಬಾಬುಲ್, ಗ್ಲಿರಿಸಿಡಿಯಾ, ಹಾಲುವಾಣ, ಸಿಲ್ವರ್ ಓಕ್, ತೆಂಗು ಇವುಗಳ ಜೊತೆಗೆ ನಮ್ಮ ಜಿಲ್ಲೆಗೆ ಬಹುಮುಖ್ಯವಾದ ಹೆಸರೊಂದಿದೆ: ಪ್ರೊಸೋಪಿಸ್, ಅಂದರೆ ಬಳ್ಳಾರಿ ಜಾಲಿ. ಮುಂದಿನ ತಿದ್ದುಪಡಿಗಳಲ್ಲಿ ಈ ಪಟ್ಟಿಗೆ ಇನ್ನಷ್ಟು ಜಾತಿಗಳು ಸೇರಿವೆ. ಆದ್ದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಿಂದ ಈಗ ಜಾರಿಯಲ್ಲಿರುವ ಪಟ್ಟಿಯ ಒಂದು ಪ್ರತಿಯನ್ನು ತರಿಸಿ ಪಂಚಾಯತಿ ಸೂಚನಾ ಫಲಕದಲ್ಲಿ ಅಂಟಿಸಿಡುವುದು ಒಳ್ಳೆಯದು. ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಇಲ್ಲಿ ಒಂದು ಹೆಸರಿನ ತೊಡಕಿದೆ. ಊರವರ ಬಾಯಲ್ಲಿ ‘ಜಾಲಿ’ ಎಂದರೆ ಎರಡು ಮರ. ಹಳದಿ ಉಂಡೆ ಹೂ ಬಿಡುವ, ಮಣಿಸರದಂತೆ ನಡುನಡುವೆ ಇರುಕಿದ ಬೂದುಬಣ್ಣದ ಕಾಯಿಯ, ಎತ್ತಿನ ಬಂಡಿಗೂ ಕುಂಟೆ-ಕೂರಿಗೆಗೂ ಹಿಂದಿನಿಂದ ಬಳಕೆಯಾದ ಕರಿಜಾಲಿ ಒಂದು. ಉದ್ದನೆಯ ಕದಿರಿನಂಥ ಹೂವಿನ, ಸಿಹಿಯಾದ ಹಳದಿ ಕಾಯಿಯ, ಎಲ್ಲೆಂದರಲ್ಲಿ ಪೊದೆಯಾಗಿ ಹಬ್ಬಿದ ಬಳ್ಳಾರಿ ಜಾಲಿ ಇನ್ನೊಂದು. ಬಳ್ಳಾರಿ ಜಾಲಿಗೆ ಇರುವ ವಿನಾಯಿತಿ ಕರಿಜಾಲಿಗೂ ಇದೆಯೆಂದು ಭಾವಿಸಿ ಕೊಡಲಿ ಹಾಕುವುದು ತಪ್ಪು. ಕರಿಜಾಲಿ, ಬೇವು, ಹುಣಸೆ ಮೊದಲಾದ ಮರಗಳ ಮಾತು ಬಂದಾಗ ಪಟ್ಟಿ ನೋಡಿ, ಪಟ್ಟಿಯಲ್ಲಿ ಇಲ್ಲವಾದರೆ ಪಹಣಿಯೊಂದಿಗೆ ಅರ್ಜಿ ಕೊಡಿಸಬೇಕು. ತೇಗ ಮತ್ತು ಶ್ರೀಗಂಧಗಳಂತೂ ಹೊಲದಲ್ಲಿ ಸ್ವತಃ ನೆಟ್ಟು ಬೆಳೆಸಿದವಾದರೂ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಅವುಗಳನ್ನು ಬೇಲಿ ಕಂಬಕ್ಕೆ ಬಳಸುವವರೂ ವಿರಳ.

ಕಡಿಯಲು ಅನುಮತಿ ಬೇಕಿಲ್ಲ ಎಂದ ಮಾತ್ರಕ್ಕೆ ಸಾಗಿಸಲು ಕಾಗದ ಬೇಡವೆಂದಲ್ಲ. ಮರಮುಟ್ಟಿನ ಸಾಗಣೆಗೆ ಕರ್ನಾಟಕ ಅರಣ್ಯ ನಿಯಮಗಳು 1969ರಡಿ ರಹದಾರಿಯ ವ್ಯವಸ್ಥೆ ಇದೆ. ಅದರಲ್ಲಿಯೂ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಸ್ವಂತ ಹೊಲದಲ್ಲೇ ಕಡಿದು ಅಲ್ಲೇ ನೆಡುವವರಿಗೆ ಈ ತಾಪತ್ರಯವಿಲ್ಲ. ದಿಮ್ಮಿಗಳನ್ನು ಟ್ರಾಲಿಯಲ್ಲಿ ಹೇರಿ ಶಹಾಪುರಕ್ಕೋ ಸುರಪುರಕ್ಕೋ ಕೊಯ್ಸಲು ಒಯ್ಯುವವರು ಮಾತ್ರ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಕರ್ನಾಟಕ ಅರಣ್ಯ ಅಧಿನಿಯಮ 1963ರಡಿ ಅಕ್ರಮ ಸಾಗಣೆಗೆ ಬಳಸಿದ ವಾಹನವನ್ನು ಜಪ್ತು ಮಾಡಲು, ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ.

ಗೋಮಾಳ, ಸ್ಮಶಾನ, ಕೆರೆ ಅಂಗಳ, ರಸ್ತೆ ಬದಿ, ಕಾಲುವೆ ದಂಡೆಗಳ ಮರಗಳು ಯಾರ ಸ್ವಂತವೂ ಅಲ್ಲ. ಅಲ್ಲಿಯ ಬಳ್ಳಾರಿ ಜಾಲಿ ಊರಿಗೆ ಉಪದ್ರವವೇ ಆಗಿರಬಹುದು. ಹಾಗೆಂದು ಬೇಕಾದವರು ಬೇಕಾದಷ್ಟು ಕಡಿದೊಯ್ಯಲು ಬಿಡುವಂತಿಲ್ಲ. ನೆಲ ಯಾವ ಇಲಾಖೆಯದೆಂದು ಮೊದಲು ಖಚಿತಪಡಿಸಿಕೊಂಡು, ಪಂಚಾಯತಿಗೆ ಸೇರಿದ್ದಾದರೆ ಸಾಮಾನ್ಯ ಸಭೆಯ ನಡಾವಳಿಯಲ್ಲಿ ತೀರ್ಮಾನ ದಾಖಲಿಸಿ, ಬಹಿರಂಗವಾಗಿ ವಿಲೇ ಮಾಡಿ, ಹಣವನ್ನು ಪಂಚಾಯತಿ ನಿಧಿಗೆ ಜಮಾ ಮಾಡಬೇಕು.

ಬಳ್ಳಾರಿ ಜಾಲಿಯ ಗುಣ ಮತ್ತು ಅವಗುಣ

ಈ ಗಿಡ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಈ ಮರವನ್ನು 1870ರ ದಶಕದ ಕೊನೆಯಲ್ಲಿ ಉರುವಲಿಗೆಂದು ಭಾರತಕ್ಕೆ ತಂದು, ಮೊದಲು ಕಡಪ ಸೀಮೆಯಲ್ಲಿ ಬೆಳೆಸಲಾಯಿತು. ಬರಗಾಲದ ಒಣ ನೆಲದಲ್ಲೂ ಹಸಿರಾಗಿ ನಿಂತ ಅದು ಮುಂದೆ ಯಾರ ಅಪ್ಪಣೆಗೂ ಕಾಯಲಿಲ್ಲ. ದನ-ಕುರಿಗಳು ಸಿಹಿ ಕಾಯಿ ತಿಂದು, ಸಗಣಿ-ಹಿಕ್ಕೆಯಲ್ಲಿ ಬೀಜ ಚೆಲ್ಲುತ್ತ ಊರಿಂದೂರಿಗೆ ಹಬ್ಬಿಸಿದವು. ಆದ್ದರಿಂದ ಬೇಲಿಗಾಗಿ ಇದನ್ನು ಹೊಸದಾಗಿ ನೆಡಬೇಕೆಂದು ಯಾರೂ ಹೇಳಲಾರರು. ಇರುವುದನ್ನು ಕಡಿದು ಬಳಸಿದರೆ ನೆಲಕ್ಕೂ ಲಾಭ, ಬೇಲಿಗೂ ಲಾಭ.

ಸೌದೆ, ಇದ್ದಿಲು ಬಿಟ್ಟರೆ ಇದು ಯಾತಕ್ಕೂ ಬಾರದ ಕಟ್ಟಿಗೆ ಎಂಬ ತಾತ್ಸಾರ ವ್ಯಾಪಕವಾಗಿದೆ. ಅದು ನಿಜವಲ್ಲ. ಇದರ ನಡುವಿನ ಕೆಂಪುಗಂದು ಚೇಗು ಭಾರವಾದದ್ದು, ಗಡುಸಾದದ್ದು; ಒಣಗುವಾಗ ಕುಗ್ಗುವುದು ತೀರ ಕಡಿಮೆಯಾದ್ದರಿಂದ ಸೀಳುವುದೂ ಕಡಿಮೆ; ನೆಲದೊಳಗೆ ಕೊಳೆಯುವುದಕ್ಕೂ ಗೆದ್ದಲಿಗೂ ಸುಲಭವಾಗಿ ಮಣಿಯುವುದಿಲ್ಲ. ಇದರ ದೋಷ ಬೇರೆ ಕಡೆ ಇದೆ. ಮೊದಲನೆಯದು ಡೊಂಕು. ಬುಡದಿಂದಲೇ ನಾಲ್ಕಾರು ಕವಲೊಡೆಯುವ ಈ ಗಿಡದಲ್ಲಿ ಹನ್ನೆರಡು ಅಡಿಯ ನೇರ ದಿಮ್ಮಿ ಹುಡುಕುವುದು ವ್ಯರ್ಥ. ಆದರೆ ಬೇಲಿ ಕಂಬಕ್ಕೆ ಬೇಕಾದದ್ದು ಏಳು ಅಡಿ ಮಾತ್ರ. ಎರಡನೆಯದು ಚೇಗಿನ ಸುತ್ತಲಿನ ತಿಳಿಹಳದಿ ಭಾಗ. ಕಡಿದು ಬಿಟ್ಟ ಕೆಲವೇ ವಾರಗಳಲ್ಲಿ ಅದಕ್ಕೆ ಕೊರೆಯುವ ಹುಳು ಬಿದ್ದು ಹಿಟ್ಟಿನಂಥ ಪುಡಿ ಉದುರುತ್ತದೆ. ತೊಗಟೆಯನ್ನು ಕಡಿದ ದಿನವೇ ಸುಲಿದರೆ ಈ ಕಾಟ ಬಹಳಷ್ಟು ತಗ್ಗುತ್ತದೆ. ಮೂರನೆಯದು ಮುಳ್ಳು. ಚಪ್ಪಲಿಯನ್ನೂ ಟ್ರ್ಯಾಕ್ಟರಿನ ಟಯರನ್ನೂ ತೂರಬಲ್ಲ ಈ ಮುಳ್ಳು ಚುಚ್ಚಿದ ಕಡೆ ಬಾವು ಬಂದು ದಿನಗಟ್ಟಲೆ ನೋಯುತ್ತದೆ. ಕೆಲಸಕ್ಕೆ ಇಳಿಯುವವರು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಕಣ್ಣಿನ ಹತ್ತಿರದ ಗಾಯವನ್ನು ಮನೆಮದ್ದಿಗೆ ಬಿಡದೆ ಆಸ್ಪತ್ರೆಗೆ ತೋರಿಸಬೇಕು.

ಕಡಿದ ಬುಡದಿಂದ ಇದು ಮತ್ತೆ ಚಿಗುರುತ್ತದೆ. ಹೊಲವನ್ನು ಪೂರ್ತಿ ಬಿಡಿಸಿಕೊಳ್ಳಬೇಕೆಂದರೆ ಬೊಡ್ಡೆಯನ್ನು ಬೇರುಸಮೇತ ಅಗೆದು ತೆಗೆಯದೆ ವಿಧಿಯಿಲ್ಲ. ಬದುವಿನ ಮೇಲಿರುವುದನ್ನು ಉಳಿಸಿಕೊಂಡು ಮುಂದೆಯೂ ಕಂಬ ಪಡೆಯಬೇಕೆಂದರೆ, ಚಿಗುರುಗಳಲ್ಲಿ ನೇರವಾದ ಒಂದನ್ನು ಮಾತ್ರ ಬಿಟ್ಟು ಉಳಿದವನ್ನು ವರ್ಷಕ್ಕೊಮ್ಮೆ ಸವರಬೇಕು. ಪೊದೆಯೆಂದು ಬಿಟ್ಟರೆ ಪೊದೆ. ಸವರುತ್ತ ಬಂದರೆ ಅದೇ ಮರ.

ಕೊಯ್ಯಲೇಬೇಕೆ?

ಕಂಬವೆಂದರೆ ಚೌಕಾಕಾರವಾಗಿ ಕೊಯ್ದದ್ದೇ ಆಗಬೇಕೆಂಬ ಭಾವನೆ ಅನೇಕರಲ್ಲಿದೆ. ಇದನ್ನು ಮೊದಲು ಬಿಡಬೇಕು. ಮೂರರಿಂದ ಐದು ಅಂಗುಲ ದಪ್ಪದ ದುಂಡು ಕಂಬ, ಅದೇ ಅಳತೆಯ ಕೊಯ್ದ ಕಂಬಕ್ಕಿಂತ ಗಟ್ಟಿ. ಕೊಯ್ಯುವಾಗ ಗರಗಸವು ಕಟ್ಟಿಗೆಯ ಎಳೆಗಳನ್ನು ಅಡ್ಡಡ್ಡವಾಗಿ ತುಂಡರಿಸುತ್ತದೆ. ದುಂಡು ಕಂಬದಲ್ಲಿ ಎಳೆಗಳು ಬುಡದಿಂದ ತುದಿಯವರೆಗೆ ಅಖಂಡವಾಗಿರುತ್ತವೆ. ನಡುಸಾಲಿನ ಸಾಮಾನ್ಯ ಕಂಬಗಳಿಗೆ ಕೊಡಲಿ, ಬಾಚಿ, ಕೈಗರಗಸ ಇವಿಷ್ಟೇ ಸಾಕು.

ಕೊಯ್ಯಬೇಕಾಗುವುದು ಎರಡು ಸಂದರ್ಭಗಳಲ್ಲಿ. ಮರ ದಪ್ಪವಾಗಿದ್ದು ಒಂದು ದಿಮ್ಮಿಯಿಂದ ಹಲವು ಕಂಬ ತೆಗೆಯಬಹುದಾದಾಗ ಒಂದು. ಗೇಟಿನ ಚೌಕಟ್ಟು, ಅಡ್ಡಪಟ್ಟಿ, ದನದ ದೊಡ್ಡಿಯ ಹಲಗೆ ಇವು ಬೇಕಾದಾಗ ಇನ್ನೊಂದು. ಹತ್ತು ಅಂಗುಲ ಅಡ್ಡಳತೆಯ ದಿಮ್ಮಿಯೊಳಗೆ ಕೂಡುವ ಅತಿ ದೊಡ್ಡ ಚೌಕ ಏಳು ಅಂಗುಲದ್ದು. ಅದನ್ನು ಉದ್ದಕ್ಕೂ ನಡುವೆ ಎರಡು ಬಾರಿ ಕೊಯ್ದರೆ ಸುಮಾರು ಮೂರೂಕಾಲು ಅಂಗುಲದ ನಾಲ್ಕು ಕಂಬಗಳು. ಚೌಕ ಮಾಡದೆ ದಿಮ್ಮಿಯನ್ನೇ ನೇರವಾಗಿ ನಾಲ್ಕು ಹೋಳು ಮಾಡಿದರೆ ಪ್ರತಿ ಕಂಬವೂ ಇನ್ನಷ್ಟು ದಪ್ಪವಾಗಿ, ಕೊಯ್ತವೂ ಕಡಿಮೆಯಾಗಿ ಸಿಗುತ್ತದೆ. ಬೇಲಿಗೆ ಇದೇ ಲೇಸು. ನೋಟಕ್ಕೆ ಒರಟು, ಅಷ್ಟೇ.

ಎಳೆ ನೇರವಿರುವ ಹಸಿ ನೀಲಗಿರಿಯನ್ನು ಗರಗಸವಿಲ್ಲದೆ ಕಬ್ಬಿಣದ ಬೆಣೆ ಮತ್ತು ಸುತ್ತಿಗೆಯಿಂದಲೇ ಸೀಳಬಹುದು. ತುದಿಯ ಬಿರುಕು ಇರುವಲ್ಲಿ ಮೊದಲ ಬೆಣೆ, ಬಿರುಕು ಓಡಿದಂತೆ ಮುಂದಿನದು. ಒಣಗಿದ ಮೇಲೆ ಈ ಕೆಲಸ ಆಗದು. ಬೇವು, ಬಳ್ಳಾರಿ ಜಾಲಿಗಳಲ್ಲಿ ಎಳೆ ಹೆಣೆದುಕೊಂಡಿರುವುದರಿಂದ ಬೆಣೆ ಎತ್ತಲೋ ಓಡುತ್ತದೆ. ಅವಕ್ಕೆ ಗರಗಸವೇ ಬೇಕು. ನೀಲಗಿರಿಗೂ ಅದರದೇ ಆದ ಚಾಳಿಯೊಂದಿದೆ. ಬೆಳೆಯುವಾಗಲೇ ಅದರ ಒಡಲಿನಲ್ಲಿ ಬಿಗಿತ ಕೂಡಿಕೊಂಡಿರುತ್ತದೆ. ಒಂದು ಬದಿಯಿಂದ ಹಲಗೆ ತೆಗೆದ ಕೂಡಲೇ ಉಳಿದ ದಿಮ್ಮಿ ಬಿಲ್ಲಿನಂತೆ ಬಾಗುತ್ತದೆ. ಎದುರುಬದುರಿನ ಎರಡೂ ಬದಿಗಳಿಂದ ಸಮನಾಗಿ ತೆಗೆಯುತ್ತ ಬರುವುದು ಅಥವಾ ಮೊದಲು ನಟ್ಟನಡುವೆ ಕೊಯ್ದುಬಿಡುವುದು ಇದಕ್ಕೆ ಉಪಾಯ.

ಯಾರು ಕೊಯ್ಯಬೇಕು ಎಂಬುದಕ್ಕೆ ಮೂರು ದಾರಿಗಳಿವೆ. ಇಬ್ಬರು ಎಳೆಯುವ ದೊಡ್ಡ ಗರಗಸ ಹಳೆಯದು. ಅದನ್ನು ಬಲ್ಲ ಬಡಿಗರು ಈಗ ಕಡಿಮೆ, ಬಳ್ಳಾರಿ ಜಾಲಿಯಂಥ ಕಲ್ಲಿನಂಥ ಕಟ್ಟಿಗೆಯಲ್ಲಿ ದಿನಕ್ಕೆ ನಾಲ್ಕಾರು ಕೊಯ್ತ ಆದರೆ ಹೆಚ್ಚು. ಎರಡನೆಯದು ಪೆಟ್ರೋಲಿನ ಚೈನ್ ಸಾ. ಅದರ ಅಲಗಿಗೆ ಕಬ್ಬಿಣದ ಚೌಕಟ್ಟು ಬಿಗಿದು ದಿಮ್ಮಿಯ ಮೇಲೆ ಜಾರಿಸುತ್ತ ಹಲಗೆ ತೆಗೆಯಬಹುದು. ಆದರೆ ಅಂಗಡಿಯಿಂದ ಬರುವ ಸರಪಳಿ ಅಡ್ಡಕೊಯ್ತಕ್ಕೆ ಹರಿತ ಮಾಡಿದ್ದು. ಅದರ ಹಲ್ಲಿನ ಕೋನ ಸಾಮಾನ್ಯವಾಗಿ 30 ಡಿಗ್ರಿ. ಉದ್ದಕೊಯ್ತಕ್ಕೆ ಅದನ್ನು 10 ಡಿಗ್ರಿಯ ಸುಮಾರಿಗೆ ಅರದಿಂದ ತೀಡಬೇಕು. ಇದನ್ನು ತಿಳಿಯದೆ ಕೊಯ್ಯಹೋದವರು ಯಂತ್ರ ಸುಟ್ಟುಕೊಳ್ಳುತ್ತಾರೆ. ಜೊತೆಗೆ ಚೈನ್ ಸಾ ಪ್ರತಿ ಕೊಯ್ತಕ್ಕೆ 8-10 ಮಿಲಿಮೀಟರ್ ಕಟ್ಟಿಗೆಯನ್ನು ಹೊಟ್ಟು ಮಾಡುತ್ತದೆ. ಪಟ್ಟಿ ಗರಗಸಕ್ಕೆ 2-3 ಮಿಲಿಮೀಟರ್ ಸಾಕು. ಗೇಟಿಗೆ ನಾಲ್ಕಾರು ಪಟ್ಟಿ ತೆಗೆಯುವವರಿಗೆ ಚೈನ್ ಸಾ ಸರಿ, ನೂರು ಕಂಬಕ್ಕಲ್ಲ. ಅಲಗಿನ ಮೂತಿ ಕಟ್ಟಿಗೆಗೆ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಶಿರಸ್ತ್ರಾಣ, ಕಣ್ಣಿನ ರಕ್ಷೆ, ಗಟ್ಟಿ ಬೂಟು ಇಲ್ಲದೆ ಅದನ್ನು ಹಿಡಿಯಬಾರದು, ಒಂಟಿಯಾಗಿಯೂ ಹಿಡಿಯಬಾರದು.

ಮೂರನೆಯ ದಾರಿ ಪರವಾನಗಿ ಪಡೆದ ಸಾ ಮಿಲ್. ಇಲ್ಲಿ ಸದಸ್ಯರು ಗಮನಿಸಬೇಕಾದ ಒಂದು ಸಂಗತಿ ಇದೆ. ಊರಿನ ಉತ್ಸಾಹಿ ಯುವಕರೋ ಸ್ವಸಹಾಯ ಸಂಘದವರೋ ‘ನಾವೇ ಒಂದು ಕೊಯ್ಯುವ ಯಂತ್ರ ತಂದು ಊರಲ್ಲಿ ಹಾಕುತ್ತೇವೆ, ಪಂಚಾಯತಿ ಲೈಸೆನ್ಸು ಕೊಡಲಿ’ ಎಂದು ಬರಬಹುದು. ಪಂಚಾಯತಿಯ ವ್ಯಾಪಾರ ಪರವಾನಗಿ ಒಂದರಿಂದಲೇ ಸಾ ಮಿಲ್ ನಡೆಸಲಾಗದು. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್‌ನಲ್ಲಿ, ಕೇಂದ್ರ ಉನ್ನತಾಧಿಕಾರ ಸಮಿತಿಯ ಅನುಮತಿಯಿಲ್ಲದೆ ಯಾವ ರಾಜ್ಯವೂ ಹೊಸ ಸಾ ಮಿಲ್‌ಗೆ ಅವಕಾಶ ನೀಡಕೂಡದೆಂದು ಆದೇಶಿಸಿತು. 2016ರಲ್ಲಿ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ ಈ ವಿಷಯ ರಾಜ್ಯ ಮಟ್ಟದ ಸಮಿತಿಯ ಮುಂದೆ ಹೋಗಬೇಕು. ದಿಮ್ಮಿ ಕೊಯ್ಯುವ ಪಟ್ಟಿ ಗರಗಸವನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಕೂಲಿಗೆ ಕೊಯ್ದುಕೊಡಲು ಆರಂಭಿಸಿದರೆ ಅದು ಗುಡಿ ಕೈಗಾರಿಕೆಯಾಗದೆ ಅರಣ್ಯ ಮೊಕದ್ದಮೆಯಾಗುತ್ತದೆ. ಸಾಲ ಮಾಡಿ ಯಂತ್ರ ತರುವ ಮೊದಲು ಈ ಮಾತನ್ನು ಆ ಯುವಕರಿಗೆ ಹೇಳುವವರು ಯಾರಾದರೂ ಇರಬೇಕು.

ಸಾ ಮಿಲ್‌ಗೆ ಒಯ್ದವರು ಅಳತೆಯ ಲೆಕ್ಕವನ್ನೂ ಅರಿತಿರಲಿ. ದಿಮ್ಮಿಯ ನಡುವಿನ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ರೂಢಿಯ ಪದ್ಧತಿ. ಹತ್ತು ಅಂಗುಲ ಅಡ್ಡಳತೆಯ ಏಳು ಅಡಿ ದಿಮ್ಮಿ ಈ ಲೆಕ್ಕಕ್ಕೆ ಮೂರು ಘನ ಅಡಿ; ನಿಜವಾದ ಗಾತ್ರ ಮೂರೂಮುಕ್ಕಾಲಕ್ಕಿಂತ ತುಸು ಹೆಚ್ಚು. ಅಂದರೆ ಮಾರುವವನಿಗೆ ನೂರಕ್ಕೆ ಇಪ್ಪತ್ತೊಂದರಷ್ಟು ಲೆಕ್ಕದಲ್ಲೇ ಕರಗುತ್ತದೆ. ಕೊಳ್ಳುವಾಗ ಕಾಲು ಸುತ್ತಳತೆ, ಕೊಯ್ತದ ಕೂಲಿಗೆ ಮಾತ್ರ ಪೂರ್ಣ ಗಾತ್ರ ಎಂಬ ಜಾಣತನಕ್ಕೆ ಎಡೆ ಕೊಡದಂತೆ ಯಾವ ಅಳತೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಒಣಗಿಸುವುದು, ಔಷಧ, ನೆಡುವುದು

ಬಳ್ಳಾರಿ ಜಾಲಿಯನ್ನು ಹಸಿಯಿರುವಾಗಲೇ ಕೊಯ್ಯಬೇಕು. ಒಣಗಿದರೆ ಗರಗಸದ ಹಲ್ಲು ನಿಲ್ಲುವುದಿಲ್ಲ. ಕಡಿಯಲು ಮಳೆ ನಿಂತ ನಂತರದ ಚಳಿಗಾಲ ಸೂಕ್ತ. ನಮ್ಮ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಹಸಿ ಕಟ್ಟಿಗೆಯನ್ನು ಹಾಗೇ ಒಡ್ಡಿದರೆ ತುದಿಗಳು ಸೀಳುತ್ತವೆ. ನೆಲದಿಂದ ಒಂದು ಅಡಿ ಎತ್ತರಕ್ಕೆ ಕಲ್ಲಿನ ಮೇಲೆ, ಸಾಲು ಸಾಲಿನ ನಡುವೆ ಪಟ್ಟಿಗಳನ್ನಿಟ್ಟು, ನೆರಳಲ್ಲಿ ಒಟ್ಟಬೇಕು. ತುದಿಗಳಿಗೆ ಹಳೆಯ ಬಣ್ಣವನ್ನೋ ಮೇಣವನ್ನೋ ಬಳಿದರೆ ಬಿರುಕು ಕಡಿಮೆ.

ಔಷಧದ ವಿಷಯದಲ್ಲಿ ರೈತರಲ್ಲಿ ತಪ್ಪು ತಿಳಿವಳಿಕೆ ಬಹಳ. ಬುಡವನ್ನು ಬೆಂಕಿಯಲ್ಲಿ ಸುಟ್ಟು ಕಪ್ಪು ಮಾಡಿದರೆ ಗೆದ್ದಲು ಮುಟ್ಟುವುದಿಲ್ಲವೆಂದು ನಂಬುತ್ತಾರೆ. ಆ ಇದ್ದಿಲಿನ ಪದರ ಬಿರಿದು ಒಳಗಿನ ಕಟ್ಟಿಗೆ ಮಣ್ಣಿಗೆ ಸಿಕ್ಕೇ ಸಿಗುತ್ತದೆ. ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಮೇಲಷ್ಟೇ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ಬಾವಿಯ ಹತ್ತಿರವಾದರೆ ನೀರಿಗೂ ಕೇಡು. ಮುಖ್ಯವಾಗಿ ತಿಳಿಯಬೇಕಾದ ತತ್ವ ಇದು: ಔಷಧ ಹೀರುವುದು ಹೊರಗಿನ ಬಿಳಿ ಭಾಗ, ಚೇಗು ಹೀರುವುದಿಲ್ಲ. ಆದ್ದರಿಂದ ಔಷಧ ಕೊಡುವುದಾದರೆ ಕಂಬವನ್ನು ದುಂಡಾಗಿಯೇ ಬಿಡಬೇಕು. ಕೊಡದಿದ್ದರೆ ಬಿಳಿ ಭಾಗವನ್ನು ಬಾಚಿಯಿಂದ ಕೆತ್ತಿ ಚೇಗನ್ನಷ್ಟೇ ನೆಡಬೇಕು. ಎಳೆಯ ನೀಲಗಿರಿ, ಸುಬಾಬುಲ್, ಸರ್ವೆ ಕಂಬಗಳು ಬಹುಪಾಲು ಬಿಳಿಯೇ. ಔಷಧವಿಲ್ಲದೆ ನೆಟ್ಟರೆ ಗೆದ್ದಲಿರುವ ನೆಲದಲ್ಲಿ ಅವುಗಳನ್ನು ಬೇಗನೆ ಬದಲಿಸಬೇಕಾಗುತ್ತದೆ. ಚೇಗು ಕಟ್ಟಿದ ಬಳ್ಳಾರಿ ಜಾಲಿ ಇದಕ್ಕೆ ವ್ಯತಿರಿಕ್ತ.

ಆಗತಾನೆ ಕಡಿದು ತೊಗಟೆ ಸುಲಿದ ದುಂಡು ಕಂಬಗಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಾಮ್ರ, ಕ್ರೋಮ್, ಬೋರಾನ್ ಲವಣಗಳ ದ್ರಾವಣದಲ್ಲಿ ಬುಡವಾಗಿ ಹಲವು ದಿನ ನಿಲ್ಲಿಸಿದರೆ ಒಳಗಿನ ರಸ ಹೋಗಿ ದ್ರಾವಣ ಏರುತ್ತದೆ. ಮೈಲುತುತ್ತವು ಕಬ್ಬಿಣದ ಡ್ರಮ್ಮನ್ನು ತಿನ್ನುತ್ತದೆ, ಮಳೆಗೆ ತಾನೊಂದೇ ನಿಲ್ಲುವುದೂ ಇಲ್ಲ. ಬೋರಾಕ್ಸ್ ಒಂದನ್ನೇ ಬಳಸಿದರೂ ಮಣ್ಣಿನ ತೇವಕ್ಕೆ ತೊಳೆದುಹೋಗುತ್ತದೆ. ಲವಣಗಳನ್ನು ಸೇರಿಸುವುದು ಅದಕ್ಕಾಗಿಯೇ. ಇವು ವಿಷ. ಕೈಗವಸು ಬೇಕು, ದನ ಬಾಯಿ ಹಾಕದಂತೆ ಕಾಯಬೇಕು, ಔಷಧ ಹಾಕಿದ ಕಟ್ಟಿಗೆಯ ತುಂಡುಗಳನ್ನು ಒಲೆಗೆ ಹಾಕಲೇಬಾರದು. ಪ್ರಮಾಣ, ವಿಧಾನಗಳ ಮಾರ್ಗದರ್ಶನಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಅರಣ್ಯ ಇಲಾಖೆಯ ಮೂಲಕ ಬರೆಯಬಹುದು.

ನೆಡುವಲ್ಲಿ ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ವ್ಯತ್ಯಾಸವಿದೆ. ಗುರುಮಠಕಲ್ ಕಡೆಯ ಮಸಾರಿಯಲ್ಲಿ ಏಳು ಅಡಿ ಕಂಬಕ್ಕೆ ಎರಡು ಅಡಿ ಆಳ ಸಾಕಾಗುತ್ತದೆ. ಶಹಾಪುರ, ಸುರಪುರ, ವಡಗೇರಾ ಭಾಗದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಎರಡೂವರೆ ಅಡಿಗೆ ಕಡಿಮೆಯಾದರೆ ಕಂಬ ಎರಡೇ ವರ್ಷಕ್ಕೆ ವಾಲುತ್ತದೆ. ತೆಗೆದ ಎರೆ ಮಣ್ಣನ್ನೇ ಮರಳಿ ತುಂಬದೆ ಮೊರಂ ಹಾಕಿ ಪದರಪದರವಾಗಿ ಹಾರೆಯ ಹಿಂಬದಿಯಿಂದ ದಮ್ಮಸ್ಸು ಮಾಡಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಬುಡ ಸದಾ ನೆನೆಯುವುದರಿಂದ ಅಲ್ಲಿ ಕಟ್ಟಿಗೆಗಿಂತ ಕಲ್ಲುಕಂಬವೇ ಮೇಲು. ಅದನ್ನು ಒಪ್ಪಿಕೊಳ್ಳಲು ಸಂಕೋಚ ಬೇಡ. ತಂತಿಯ ಎಳೆತವೆಲ್ಲ ಬೀಳುವುದು ಮೂಲೆ ಕಂಬಗಳ ಮೇಲೆ. ದಪ್ಪ ಚೇಗಿನ ಕಂಬಗಳನ್ನು ಅಲ್ಲಿಗೆ ಮೀಸಲಿಟ್ಟು ಎರಡೂ ದಿಕ್ಕಿಗೆ ಊರೆಗಂಬ ಕೊಡಬೇಕು. ಹಂದಿ ಹಾರುವ ಪ್ರಾಣಿಯಲ್ಲ, ನುಗ್ಗುವ ಪ್ರಾಣಿ. ಕೆಳಗಿನ ತಂತಿ ನೆಲದಿಂದ ಅರ್ಧ ಅಡಿಯೊಳಗಿರದಿದ್ದರೆ ಮೇಲೆ ಎಷ್ಟು ಎಳೆ ಇದ್ದರೂ ವ್ಯರ್ಥ. ಒಣಗಿದ ಜಾಲಿ ಚೇಗಿಗೆ ಮೊಳೆ ಇಳಿಯುವುದಿಲ್ಲ, ಬೈರಿಗೆಯಿಂದ ತೂತು ಮಾಡಿಯೇ ಹೊಡೆಯಬೇಕು.

ಗ್ಲಿರಿಸಿಡಿಯಾ ಮತ್ತು ಹಾಲುವಾಣದ ಆರೇಳು ಅಡಿ ಗೂಟಗಳನ್ನು ಮುಂಗಾರಿನ ಆರಂಭದಲ್ಲಿ ಕಂಬಗಳ ನಡುವೆ ನೆಟ್ಟರೆ ಬೇರು ಬಿಡುತ್ತವೆ. ಸತ್ತ ಕಂಬ ಕೊಳೆಯುವ ಹೊತ್ತಿಗೆ ಜೀವಂತ ಕಂಬ ನಿಂತಿರುತ್ತದೆ, ಗ್ಲಿರಿಸಿಡಿಯಾ ಸೊಪ್ಪು ಗೊಬ್ಬರಕ್ಕೂ ಆಗುತ್ತದೆ. ಬದುವಿನ ಮೇಲೆ ಮರ ಬೆಳೆಸುವವರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದ ಸಸಿಯೂ, ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ದೊರೆಯುತ್ತದೆ.

ಕೂಡಿ ಹಾಕಿದರೆ ಎಷ್ಟು ಉಳಿತಾಯ

ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಹತ್ತು ಅಡಿಗೊಂದರಂತೆ 84 ಕಂಬ ಬೇಕು. ಅಕ್ಕಪಕ್ಕದ ಐವರು ಎಕರೆಗೊಬ್ಬರಂತೆ ಬೇರೆಬೇರೆ ಬೇಲಿ ಹಾಕಿದರೆ ಒಟ್ಟು 4,175 ಅಡಿ, 420 ಕಂಬ. ಅದೇ ಐದು ಎಕರೆ ಹೆಚ್ಚುಕಡಿಮೆ ಚೌಕವಾಗಿದ್ದು ಹೊರಸುತ್ತಿಗೆ ಮಾತ್ರ ಬೇಲಿ ಹಾಕಿದರೆ 1,867 ಅಡಿ, 187 ಕಂಬ. ಪಟ್ಟಿಯಂತೆ ಒಂದೇ ಸಾಲಿನಲ್ಲಿ ಬಿದ್ದ ಹೊಲಗಳಾದರೂ 2,504 ಅಡಿಗೆ ಮುಗಿಯುತ್ತದೆ. ಮರ, ತಂತಿ, ಕೂಲಿ ಮೂರೂ ಅರ್ಧಕ್ಕಿಳಿಯುವ ಈ ಲೆಕ್ಕವನ್ನು ಕಟ್ಟೆಯ ಮೇಲೆ ಕೂತು ಐವರಿಗೂ ಒಟ್ಟಿಗೆ ತೋರಿಸಬಲ್ಲವರು ವಾರ್ಡಿನ ಸದಸ್ಯರೇ. ತಂತಿಯ ಬೆಲೆಗಿಂತ ಅಣ್ಣತಮ್ಮಂದಿರ ನಡುವಿನ ಮುನಿಸೇ ಇದಕ್ಕೆ ಹೆಚ್ಚು ಅಡ್ಡಿ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಕಂಬದ ಗುಂಡಿ ತೋಡುವ ಮೊದಲು ಗಡಿ ನಿಶ್ಚಯವಾಗಿರಬೇಕು. ಬದು ಇರುವಲ್ಲೇ ಸರಹದ್ದು ಎಂದು ತಿಳಿಯುವಂತಿಲ್ಲ. ತಲೆಮಾರುಗಳ ಉಳುಮೆಯಲ್ಲಿ ಬದು ಅತ್ತಿತ್ತ ಸರಿದಿರುತ್ತದೆ. ಸಂಶಯವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿಸಿ, ಭೂಮಾಪಕರು ಗುರುತಿಸಿದ ಗೆರೆಯಿಂದ ಒಂದೆರಡು ಅಡಿ ಒಳಗೆ ಕಂಬ ನೆಡಿಸುವುದು ಕ್ಷೇಮ. ಸರಹದ್ದಿನ ಕಲ್ಲನ್ನು ಕಿತ್ತು ಅದರ ಗುಂಡಿಯಲ್ಲೇ ಕಂಬ ಊರುವ ಪ್ರವೃತ್ತಿ ಕೆಲವೆಡೆ ಇದೆ, ಅದು ಶಿಕ್ಷಾರ್ಹ. ಬದುವಿನ ನಟ್ಟನಡುವಿನ ಮರ ಯಾರದೆಂಬ ಜಗಳಕ್ಕೂ ಅಳತೆಯೇ ಉತ್ತರ. ಅಳತೆಯಾಗುವವರೆಗೆ ಆ ಮರಕ್ಕೆ ಕೊಡಲಿ ಹಾಕದಂತೆ ಇಬ್ಬರನ್ನೂ ಒಪ್ಪಿಸಬೇಕು.

ಗ್ರಾಮ ನಕಾಶೆಯಲ್ಲಿ ತೋರಿಸಿದ ಬಂಡಿದಾರಿ, ಹಳ್ಳಕ್ಕೆ ದನ ಇಳಿಯುವ ಜಾಡು, ಸ್ಮಶಾನದ ಹಾದಿಗಳಿಗೆ ಅಡ್ಡಲಾಗಿ ಬೇಲಿ ಬರುವಂತಿಲ್ಲ. ಹಿಂದೆ ಮುಳ್ಳುಬೇಲಿಯಿದ್ದಾಗ ಸುಗ್ಗಿಯ ನಂತರ ಸರಿಸಿ ಬಂಡಿ ಹಾಯಿಸುತ್ತಿದ್ದರು. ಕಂಬ-ತಂತಿಯ ಬೇಲಿ ಸರಿಯುವುದಿಲ್ಲ. ಆದ್ದರಿಂದ ಒಳಗಿನ ಹೊಲದವರು ರಾಶಿಯ ಯಂತ್ರ ಒಯ್ಯಲು ಎಲ್ಲಿ, ಎಷ್ಟು ಅಗಲದ ಗೇಟು ಬಿಡಬೇಕೆಂಬುದನ್ನು ಅಕ್ಕಪಕ್ಕದವರೆಲ್ಲ ಮೊದಲೇ ಕೂತು ನಿರ್ಧರಿಸಿ, ಹನ್ನೆರಡು ಅಡಿಗೆ ಕಡಿಮೆಯಿಲ್ಲದಂತೆ ಅಳೆದು, ಗೇಟಿನ ಎರಡು ಕಂಬಗಳನ್ನು ಎಲ್ಲಕ್ಕಿಂತ ಮೊದಲು ನೆಡಿಸುವುದು ಒಳ್ಳೆಯದು.